ಪ್ಯಾಪ್ ವರದಿಯಲ್ಲಿ ‘ಆಸ್ಕಸ್’ ಎಂದಿದ್ದರೆ: ಮತ್ತೊಂದು ಪ್ಯಾಪ್, ಎಚ್‌ಪಿವಿ ಪರೀಕ್ಷೆ, ಕಾಲ್ಪೊಸ್ಕೊಪಿ, ಇವುಗಳಲ್ಲಿ ನಿಮಗೆ ಯಾವುದು?

ಪತ್ರಗಳು ಬೇರೆ ಬೇರೆ ಊರುಗಳಿಂದ ಬರುತ್ತವೆ, ಪ್ರಶ್ನೆ ಮಾತ್ರ ಒಂದೇ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಮೊದಲೇ ಹಿಡಿಯಲೆಂದು ಮಾಡುವ ಪ್ಯಾಪ್ ಸ್ಮಿಯರ್ ಮಾಡಿಸಿದ್ದಾರೆ, ವರದಿಯಲ್ಲಿ ‘ಎಎಸ್‌ಸಿ-ಯುಎಸ್’ ಎಂದು ಬಂದಿದೆ. ಒಬ್ಬ ವೈದ್ಯರು ‘ಗಾಬರಿ ಬೇಡ, ಒಂದು ವರ್ಷ ಬಿಟ್ಟು ಬನ್ನಿ’ ಎಂದಿದ್ದಾರೆ. ಎರಡನೆಯವರು ಆ ಕ್ಯಾನ್ಸರಿಗೆ ಕಾರಣವಾಗುವ ವೈರಾಣುವನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಮೂರನೆಯವರು ಕಾಲ್ಪೊಸ್ಕೊಪಿ ಮಾಡಿ, ಅಂದರೆ ಆ ಜಾಗವನ್ನು ದೊಡ್ಡದು ಮಾಡಿ ತೋರಿಸುವ ಉಪಕರಣದಿಂದ ಪರೀಕ್ಷಿಸಿ, ಒಂದು ಚೂರು ತೆಗೆದು ನೋಡೋಣ ಎಂದಿದ್ದಾರೆ. ಯಾರ ಮಾತು ಕೇಳುವುದು?

ಈ ಭಿನ್ನಮತಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದ ತಜ್ಞರ ಸಂಘ 2006ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕ ಮಹಿಳೆಯರಿಗೆ ಈ ಮೂರೂ ದಾರಿಗಳು ಒಪ್ಪಿತವಾಗಿದ್ದವು. 2012ರ ಹೊತ್ತಿಗೆ ಎಚ್‌ಪಿವಿ ಪರೀಕ್ಷೆ ಮೊದಲ ಆಯ್ಕೆಯಾಯಿತು, ಒಂದು ವರ್ಷದ ನಂತರದ ಪ್ಯಾಪ್ ಎರಡನೆಯದಾಗಿ ಉಳಿಯಿತು, ನೇರ ಕಾಲ್ಪೊಸ್ಕೊಪಿ ಹಿಂದೆ ಸರಿಯಿತು. ನಮ್ಮ ವೈದ್ಯರು ಕಲಿತ ಕಾಲ ಬೇರೆ, ಅವರ ಆಸ್ಪತ್ರೆಯಲ್ಲಿ ಸಿಗುವ ಸೌಲಭ್ಯ ಬೇರೆ. ಆದ್ದರಿಂದ ಮೂವರಲ್ಲಿ ಯಾರೂ ನಿಮಗೆ ಮೋಸ ಮಾಡುತ್ತಿಲ್ಲ. ಆದರೆ ಮೂರು ದಾರಿಗಳೂ ಎಲ್ಲರಿಗೂ ಸಮನಾಗಿ ಹೊಂದುವುದಿಲ್ಲ.

ಮೊದಲು ವರದಿಯ ಆ ಅಕ್ಷರಗಳನ್ನು ಮತ್ತೊಮ್ಮೆ ನೋಡಿ. ಈ ಬರಹ ಎಎಸ್‌ಸಿ-ಯುಎಸ್, ಅಂದರೆ ವೈದ್ಯರು ಬಾಯಿಮಾತಿನಲ್ಲಿ ‘ಆಸ್ಕಸ್’ ಎನ್ನುವ ಫಲಿತಾಂಶಕ್ಕೆ ಮಾತ್ರ ಸಂಬಂಧಿಸಿದ್ದು. ‘ಎಎಸ್‌ಸಿ-ಎಚ್’, ‘ಎಚ್‌ಎಸ್‌ಐಎಲ್’ ಅಥವಾ ‘ಎಜಿಸಿ’ ಎಂದಿದ್ದರೆ ಅದು ಬೇರೆಯೇ ಮಾತು. ಅಲ್ಲಿ ಕಾಯುವ ಆಯ್ಕೆ ಇಲ್ಲ, ಕಾಲ್ಪೊಸ್ಕೊಪಿ ಆಗಲೇಬೇಕು. ಹಾಗೆಯೇ ಸಂಭೋಗದ ನಂತರ ರಕ್ತ ಕಾಣಿಸುತ್ತಿದ್ದರೆ, ಮುಟ್ಟು ನಿಂತು ವರ್ಷವಾದ ಮೇಲೆ ರಕ್ತಸ್ರಾವವಾದರೆ, ದುರ್ವಾಸನೆಯ ಅಥವಾ ರಕ್ತ ಬೆರೆತ ಬಿಳಿಸೆರಗು ನಿಲ್ಲದಿದ್ದರೆ, ವರದಿ ಏನೇ ಹೇಳಲಿ, ಈ ವಾರವೇ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಪ್ಯಾಪ್ ಇರುವುದು ಲಕ್ಷಣಗಳಿಲ್ಲದವರ ತಪಾಸಣೆಗೆ.

ಆಸ್ಕಸ್ ಎಂದರೇನು? ಗರ್ಭಕಂಠದ, ಅಂದರೆ ಗರ್ಭಕೋಶದ ಕೊರಳಿನ, ಮೇಲ್ಪದರದಿಂದ ಉಜ್ಜಿ ತೆಗೆದ ಜೀವಕೋಶಗಳಲ್ಲಿ ಕೆಲವು ಸಹಜವಾಗಿ ಕಾಣಲಿಲ್ಲ, ಆದರೆ ರೋಗದ ಪೂರ್ವಸ್ಥಿತಿ ಎನ್ನುವಷ್ಟೂ ಕೆಟ್ಟಿರಲಿಲ್ಲ ಎಂದರ್ಥ. ಸ್ಲೈಡ್ ನೋಡಿದವರು ‘ನನಗೆ ಖಚಿತವಾಗುತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ಎಚ್‌ಪಿವಿ ವೈರಾಣುವಿನ ಸೋಂಕು, ಬೇರೆ ಸೋಂಕಿನ ಉರಿಯೂತ, ಮುಟ್ಟು ನಿಂತ ನಂತರದ ಶುಷ್ಕತೆ, ಸರಿಯಾಗಿ ಹರಡದ ಸ್ಲೈಡ್, ಇವುಗಳಲ್ಲಿ ಯಾವುದರಿಂದಲೂ ಹೀಗಾಗಬಹುದು. ಅಪರೂಪಕ್ಕೆ ಅದರ ಹಿಂದೆ ಕ್ಯಾನ್ಸರ್‌ಪೂರ್ವ ಸ್ಥಿತಿ ಅಡಗಿರುತ್ತದೆ. ಮುಂದಿನ ಪರೀಕ್ಷೆ ಇರುವುದು ಆ ಅಪರೂಪದವರನ್ನು ಹುಡುಕುವುದಕ್ಕೆ.

ಸಮಯದ ವಿಷಯದಲ್ಲಿ ನೆಮ್ಮದಿ ಇರಲಿ. ಎಚ್‌ಪಿವಿ ಸೋಂಕುಗಳಲ್ಲಿ ಹೆಚ್ಚಿನವು ಎರಡು ವರ್ಷದೊಳಗೆ ದೇಹದ ರೋಗನಿರೋಧಕ ಶಕ್ತಿಗೆ ಸೋತು ಮರೆಯಾಗುತ್ತವೆ. ಉಳಿದುಕೊಂಡ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಹಿಡಿಯುತ್ತದೆ. ಸಿಐಎನ್-3 ಎಂಬ ತೀವ್ರ ಪೂರ್ವಸ್ಥಿತಿಗೆ ಸರಿಯಾದ ಚಿಕಿತ್ಸೆ ಸಿಗದ ನ್ಯೂಜಿಲೆಂಡಿನ ಮಹಿಳೆಯರನ್ನು ದೀರ್ಘಕಾಲ ಗಮನಿಸಿದಾಗ, 30 ವರ್ಷಗಳಲ್ಲಿ 100ಕ್ಕೆ ಸುಮಾರು 30 ಮಂದಿಗೆ ಕ್ಯಾನ್ಸರ್ ಬಂದದ್ದು ಕಂಡುಬಂತು. ಅಂದರೆ ಈ ವಾರ ನಿದ್ದೆಗೆಡಬೇಕಿಲ್ಲ. ಆದರೆ ಇದೇ ರೋಗ 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷಕ್ಕೆ ಸುಮಾರು 80,000 ಮಹಿಳೆಯರ ಪ್ರಾಣ ತೆಗೆದಿದೆ. ಇದನ್ನು ವರ್ಷಗಳ ಮೊದಲೇ ಹಿಡಿಯಬಹುದಾಗಿತ್ತು ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಯಾವ ಅಳತೆಗೋಲು?

ಪರೀಕ್ಷೆಯನ್ನು ಆರಿಸುವಾಗ ನಾಲ್ಕು ವಿಷಯ ನೋಡಬೇಕು. ಇರುವ ರೋಗವನ್ನು ಅದು ಎಷ್ಟು ಬಾರಿ ತಪ್ಪಿಸಿಕೊಂಡು ಹೋಗಲು ಬಿಡುತ್ತದೆ? ರೋಗವಿಲ್ಲದವರನ್ನು ಎಷ್ಟು ಬಾರಿ ಅನಗತ್ಯವಾಗಿ ಮುಂದಿನ ತಪಾಸಣೆಗೆ ತಳ್ಳುತ್ತದೆ? ಒಟ್ಟು ಖರ್ಚು ಎಷ್ಟು? ಎಷ್ಟು ಬಾರಿ ಆಸ್ಪತ್ರೆಗೆ ಬರಬೇಕು?

ವೈದ್ಯಕೀಯ ಪುಸ್ತಕಗಳಲ್ಲಿ ಮೊದಲೆರಡು ಪ್ರಶ್ನೆಗಳಿಗೆ ಉದ್ದುದ್ದ ಉತ್ತರಗಳಿವೆ. ನನ್ನ ಮಟ್ಟಿಗೆ ನಾಲ್ಕನೆಯದೇ ನಿರ್ಣಾಯಕ. ನನ್ನ ಚಿಕ್ಕಮ್ಮನಿಗೂ ಇಂಥದ್ದೇ ವರದಿ ಬಂದಿತ್ತು. ಒಂದು ವರ್ಷ ಬಿಟ್ಟು ಬನ್ನಿ ಎಂದಿದ್ದರು. ಆ ವರ್ಷ ಮಗಳ ಮದುವೆ, ಮರುವರ್ಷ ಬಾಣಂತನ, ಅದರಾಚೆ ಅತ್ತೆಯ ಕಾಯಿಲೆ. ವರದಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸೇರಿಹೋಯಿತು. ನಾಲ್ಕು ವರ್ಷದ ನಂತರ ಹೋದಾಗ ಸಿಐಎನ್-3 ಆಗಿತ್ತು. ಚಿಕಿತ್ಸೆಯಾಗಿ ಈಗ ಆರೋಗ್ಯವಾಗಿದ್ದಾರೆ. ಅವರಿಗೆ ಹೇಳಿದ ಸಲಹೆ ತಪ್ಪಾಗಿರಲಿಲ್ಲ. ಅವರ ಬದುಕಿಗೆ ಅದು ಹೊಂದುವುದೇ ಎಂದು ಯಾರೂ ಕೇಳಲಿಲ್ಲ, ಅಷ್ಟೆ. ನೀವು ಒಂದು ವರ್ಷದ ನಂತರ ಖಂಡಿತ ಬರುತ್ತೀರಾ? ಈ ಪ್ರಶ್ನೆಗೆ ವೈದ್ಯರ ಮುಂದೆ ಅಲ್ಲದಿದ್ದರೂ ನಿಮ್ಮ ಮನಸ್ಸಿನೊಳಗೆ ನಿಜವಾದ ಉತ್ತರ ಕೊಟ್ಟುಕೊಂಡು ಮುಂದೆ ಓದಿ.

ಒಂದು ವರ್ಷ ಬಿಟ್ಟು ಮತ್ತೆ ಪ್ಯಾಪ್

ಮೂರರಲ್ಲಿ ಅಗ್ಗದ್ದು ಇದು. ನಮ್ಮಲ್ಲಿ ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ ಮುಗಿಯುತ್ತದೆ, ತಾಲ್ಲೂಕು ಮಟ್ಟದಲ್ಲೂ ಮಾಡುವವರು ಸಿಗುತ್ತಾರೆ. ತಾನಾಗಿ ವಾಸಿಯಾಗುವ ಬದಲಾವಣೆಗೆ ಇದು ಕಾಲಾವಕಾಶ ಕೊಡುತ್ತದೆ. ವರ್ಷದ ನಂತರದ ಪ್ಯಾಪ್ ಸಹಜವಾಗಿದ್ದರೆ ಮೂರು ವರ್ಷಕ್ಕೊಮ್ಮೆಯ ತಪಾಸಣೆಗೆ ಮರಳುವುದು ವಾಡಿಕೆ. ಮತ್ತೆ ಆಸ್ಕಸ್ ಅಥವಾ ಅದಕ್ಕಿಂತ ಹೆಚ್ಚಿನದು ಬಂದರೆ ಕಾಲ್ಪೊಸ್ಕೊಪಿ.

ಕೊರತೆಯೂ ಇದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ನಡೆಸಿದ ‘ಆಲ್ಟ್ಸ್’ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2001ರಲ್ಲಿ ಹೊರಬಂತು. ಸಿಐಎನ್-3 ಅಥವಾ ಅದಕ್ಕಿಂತ ತೀವ್ರ ಸ್ಥಿತಿ ಇದ್ದ 100 ಮಂದಿಯಲ್ಲಿ ಒಂದು ಎಚ್‌ಪಿವಿ ಪರೀಕ್ಷೆ ಸುಮಾರು 96 ಮಂದಿಯನ್ನು ಗುರುತಿಸಿತು. ಎರಡನೆಯ ಪ್ಯಾಪ್‌ನಲ್ಲಿ ಆಸ್ಕಸ್ ಮಟ್ಟದ ಸಣ್ಣ ಅಸಹಜತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಸಿಕ್ಕವರು ಸುಮಾರು 85. ಎರಡರಲ್ಲೂ ಕಾಲ್ಪೊಸ್ಕೊಪಿಗೆ ಹೋಗಬೇಕಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ, 100ಕ್ಕೆ ಸುಮಾರು 56 ಮತ್ತು 59. ಅಂದರೆ ಪ್ಯಾಪ್ ಹೆಚ್ಚು ತಪ್ಪಿಸಿಕೊಳ್ಳಲು ಬಿಟ್ಟಿತು, ಆದರೂ ಅಷ್ಟೇ ಜನರನ್ನು ಮುಂದಿನ ತಪಾಸಣೆಗೆ ಕಳುಹಿಸಿತು.

ಕೆಲವರು ಸಮಾಧಾನಕ್ಕೆಂದು ಹದಿನೈದೇ ದಿನದಲ್ಲಿ ಬೇರೆ ಲ್ಯಾಬಿನಲ್ಲಿ ಮತ್ತೆ ಪ್ಯಾಪ್ ಮಾಡಿಸುತ್ತಾರೆ. ದಯವಿಟ್ಟು ಬೇಡ. ಉಜ್ಜಿದ ಜಾಗದಲ್ಲಿ ಜೀವಕೋಶಗಳು ಮತ್ತೆ ಬೆಳೆಯಲು ಸಮಯ ಬೇಕು. ಅವಸರದ ಪ್ಯಾಪ್ ‘ಸಹಜ’ ಎಂದರೂ ಅದು ಮೊದಲ ವರದಿಯನ್ನು ಅಳಿಸಿಹಾಕುವುದಿಲ್ಲ. ಇನ್ನು ಕೆಲವರಿಗೆ ಒಂದು ವಾರದ ಮಾತ್ರೆ, ಯೋನಿಯೊಳಗಿಡುವ ಮಾತ್ರೆ ಕೊಟ್ಟು ‘ಸರಿಹೋಗುತ್ತದೆ’ ಎಂದು ಕಳುಹಿಸುವುದುಂಟು. ಸೋಂಕು ನಿಜವಾಗಿಯೂ ಇದ್ದರೆ ಆ ಚಿಕಿತ್ಸೆ ಬೇಕು. ಆದರೆ ಮಾತ್ರೆ ಮುಗಿದ ಮಾತ್ರಕ್ಕೆ ಮುಂದಿನ ಪರೀಕ್ಷೆ ಮುಗಿದಂತಲ್ಲ.

ಎಚ್‌ಪಿವಿ ಪರೀಕ್ಷೆ

ಪ್ಯಾಪ್ ಜೀವಕೋಶದ ರೂಪವನ್ನು ನೋಡುತ್ತದೆ, ಇದು ವೈರಾಣುವನ್ನೇ ಹುಡುಕುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಕಾರಣ ಎಂದು ತೋರಿಸಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ್) ಜಿಲ್ಲೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿಯ ಮಹಿಳೆಯರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸುತ್ತಿನ ಎಚ್‌ಪಿವಿ ತಪಾಸಣೆ ಈ ಕ್ಯಾನ್ಸರಿನ ಸಾವುಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಇದು ಶ್ರೀಮಂತ ದೇಶಗಳ ಪರೀಕ್ಷೆ ಎಂದು ಯಾರಾದರೂ ಹೇಳಿದರೆ ನನಗೆ ಆ ಹಳ್ಳಿಗಳೇ ನೆನಪಾಗುತ್ತವೆ.

ಆಸ್ಕಸ್ ಬಂದವರಿಗೆ ಈ ಪರೀಕ್ಷೆಯ ದೊಡ್ಡ ಉಪಕಾರ ‘ಇಲ್ಲ’ ಎಂಬ ಉತ್ತರದಲ್ಲಿದೆ. ಅಮೆರಿಕದಲ್ಲಿ ಸಂಗ್ರಹವಾದ ಅಂಕಿಅಂಶಗಳ ಪ್ರಕಾರ ಆಸ್ಕಸ್ ಇದ್ದು ಎಚ್‌ಪಿವಿ ಇಲ್ಲದ 1,000 ಮಂದಿಯಲ್ಲಿ ಮುಂದಿನ ಐದು ವರ್ಷಗಳಲ್ಲಿ ತೀವ್ರ ಪೂರ್ವಸ್ಥಿತಿ ಕಾಣಿಸಿಕೊಳ್ಳುವುದು ಸುಮಾರು ನಾಲ್ವರಲ್ಲಿ. ಅದಕ್ಕೇ ಅಲ್ಲಿನ 2019ರ ಮಾರ್ಗಸೂಚಿ ಇಂಥವರನ್ನು ಮೂರು ವರ್ಷದ ನಂತರ ಬರಲು ಹೇಳುತ್ತದೆ. ಒಂದು ವರ್ಷದ ಆತಂಕ ಒಂದೇ ಪರೀಕ್ಷೆಯಲ್ಲಿ ಕಳೆಯುತ್ತದೆ.

‘ಇದೆ’ ಎಂದು ಬಂದರೆ ಮುಂದಿನ ಹೆಜ್ಜೆ ಸಾಮಾನ್ಯವಾಗಿ ಕಾಲ್ಪೊಸ್ಕೊಪಿ. ಹಿಂದಿನ ಎಚ್‌ಪಿವಿ ತಪಾಸಣೆ ಸಹಜವಾಗಿದ್ದರೆ ಒಂದು ವರ್ಷ ಕಾದು ನೋಡಲು ಅದೇ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಆದ್ದರಿಂದ ಹಳೆಯ ವರದಿಗಳಿಗೆ ಬೆಲೆ ಇದೆ, ಹುಡುಕಿ ತೆಗೆಯಿರಿ. ಆಸ್ಕಸ್ ಜೊತೆಗೆ ಎಚ್‌ಪಿವಿಯೂ ಇರುವ 100 ಮಂದಿಯಲ್ಲಿ ಆ ಹೊತ್ತಿಗೆ ತೀವ್ರ ಪೂರ್ವಸ್ಥಿತಿ ಇರುವವರು ನಾಲ್ಕೈದು ಮಂದಿ ಮಾತ್ರ. ‘ಪಾಸಿಟಿವ್’ ಎಂಬ ಪದ ನೋಡಿ ಕುಸಿಯುವ ಮುನ್ನ ಉಳಿದ ತೊಂಬತ್ತೈದು ಮಂದಿಯನ್ನು ನೆನೆಯಿರಿ. ವರದಿ 16 ಮತ್ತು 18ನೇ ಬಗೆಗಳನ್ನು ಪ್ರತ್ಯೇಕವಾಗಿ ಹೇಳುವಂತಿದ್ದರೆ ಇನ್ನೂ ಒಳ್ಳೆಯದು. ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು 70 ಪ್ರತಿಶತ ಈ ಎರಡರಿಂದಲೇ. ಇವು ಇದ್ದರೆ ಕಾಲ್ಪೊಸ್ಕೊಪಿಯನ್ನು ಮುಂದೂಡಬೇಡಿ.

ಖರ್ಚು ಪ್ಯಾಪ್‌ಗಿಂತ ಹಲವು ಪಟ್ಟು, ಖಾಸಗಿ ಲ್ಯಾಬುಗಳಲ್ಲಿ ಸಾವಿರಗಳ ಲೆಕ್ಕ. ಇಲ್ಲಿ ಹಣ ಮತ್ತು ಓಡಾಟ ಎರಡನ್ನೂ ಉಳಿಸುವ ಒಂದು ದಾರಿ ಇದೆ. ನಿಮ್ಮ ಪ್ಯಾಪ್ ‘ಎಲ್‌ಬಿಸಿ’ ವಿಧಾನದ್ದಾಗಿದ್ದರೆ, ಅಂದರೆ ಜೀವಕೋಶಗಳನ್ನು ಗಾಜಿನ ಮೇಲೆ ಬಳಿಯದೆ ದ್ರವವಿರುವ ಪುಟ್ಟ ಬಾಟಲಿಯಲ್ಲಿ ಹಾಕಿದ್ದರೆ, ಉಳಿದ ದ್ರವದಲ್ಲೇ ಎಚ್‌ಪಿವಿ ಪರೀಕ್ಷೆ ಮಾಡಬಹುದು. ಮತ್ತೆ ಮಲಗಬೇಕಿಲ್ಲ, ಮತ್ತೆ ಬರಬೇಕಿಲ್ಲ. ಲ್ಯಾಬುಗಳು ಈ ದ್ರವವನ್ನು ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ವರದಿ ಬಂದ ಕೂಡಲೇ ಫೋನ್ ಮಾಡಿ ಕೇಳಿ. ಹಳೆಯ ಪದ್ಧತಿಯ ಗಾಜಿನ ಸ್ಲೈಡ್ ಆಗಿದ್ದರೆ ಹೊಸ ಮಾದರಿ ಕೊಡಬೇಕಾಗುತ್ತದೆ. ಹಾಗೆಯೇ ಅವರ ಕಿಟ್ ಎಷ್ಟು ಬಗೆಯ ವೈರಾಣು ಹುಡುಕುತ್ತದೆ ಎಂದು ಕೇಳಿ. ಬಹುಕಾಲದಿಂದ ಬಳಕೆಯಲ್ಲಿರುವ ಕಿಟ್‌ಗಳು 13 ಅಥವಾ 14 ಅಪಾಯಕಾರಿ ಬಗೆಗಳನ್ನು ನೋಡುತ್ತವೆ.

ಪತ್ರಗಳಲ್ಲಿ ಅತ್ಯಂತ ನೋವಿನ ಪ್ರಶ್ನೆ ಬರುವುದು ಇಲ್ಲೇ: ‘ಇದು ಲೈಂಗಿಕ ಸಂಪರ್ಕದಿಂದ ಬರುವುದಂತೆ, ಹಾಗಾದರೆ ಅವರು...’ ಅಥವಾ ‘ನನ್ನ ಮೇಲೆಯೇ ಅನುಮಾನ ಪಟ್ಟರೆ?’ ಎಚ್‌ಪಿವಿ ಎಷ್ಟು ಸಾಮಾನ್ಯವೆಂದರೆ ಲೈಂಗಿಕ ಬದುಕು ಇರುವ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಕಾಲದಲ್ಲಿ ತಗಲುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಯಾರಿಂದ, ಯಾವಾಗ ಬಂತು ಎಂದು ಯಾವ ಲ್ಯಾಬೂ ಹೇಳಲಾರದು. ಈ ವರದಿ ಯಾರ ನಡತೆಗೂ ಸಾಕ್ಷಿಯಲ್ಲ. ಇದೊಂದು ಭಯಕ್ಕಾಗಿ ಪರೀಕ್ಷೆ ಬಿಟ್ಟವರಿದ್ದಾರೆ, ನೀವು ಅವರಲ್ಲಿ ಒಬ್ಬರಾಗಬೇಡಿ. ವೈರಾಣುವನ್ನು ಓಡಿಸುತ್ತೇವೆ ಎಂದು ಮಾರುವ ಪುಡಿ, ಮಾತ್ರೆಗಳಿಗೆ ದುಡ್ಡು ಸುರಿಯುವುದೂ ಬೇಡ. ಲಸಿಕೆ ಮುಂದಿನ ಸೋಂಕನ್ನು ತಡೆಯುತ್ತದೆ, ಈಗಾಗಲೇ ಇರುವುದನ್ನು ತೆಗೆಯುವುದಿಲ್ಲ.

ನೇರವಾಗಿ ಕಾಲ್ಪೊಸ್ಕೊಪಿ

ಪ್ಯಾಪ್‌ಗೆ ಮಲಗಿದಂತೆಯೇ ಮಲಗಬೇಕು. ವೈದ್ಯರು ದೊಡ್ಡದು ಮಾಡಿ ತೋರಿಸುವ ಉಪಕರಣದಿಂದ ಗರ್ಭಕಂಠವನ್ನು ನೋಡುತ್ತಾರೆ. ಮೊದಲು ತಿಳಿಯಾದ ಅಸಿಟಿಕ್ ಆಮ್ಲ ಸವರುತ್ತಾರೆ. ಅಸಹಜ ಜಾಗ ಬೆಳ್ಳಗಾಗುತ್ತದೆ. ಆಮೇಲೆ ಅಯೋಡಿನ್. ಅನುಮಾನದ ಜಾಗದಿಂದ ಕೆಲವೇ ಮಿಲಿಮೀಟರಿನ ಚೂರು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಒಟ್ಟು ಹತ್ತಿಪ್ಪತ್ತು ನಿಮಿಷ. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ, ಚೂರು ತೆಗೆಯುವಾಗ ಮುಟ್ಟಿನ ನೋವಿನಂತೆ ಒಮ್ಮೆ ಹಿಂಡುತ್ತದೆ. ನಂತರ ಕೆಲವು ದಿನ ಸ್ವಲ್ಪ ರಕ್ತ ಅಥವಾ ಕಂದು ಸ್ರಾವ ಇರಬಹುದು. ಜ್ವರ ಬಂದರೆ, ಮುಟ್ಟಿಗಿಂತ ಹೆಚ್ಚು ರಕ್ತ ಹೋದರೆ ಮರಳಿ ತೋರಿಸಬೇಕು.

ಇದರ ದೊಡ್ಡ ಗುಣವೆಂದರೆ ಒಂದೇ ಭೇಟಿಯಲ್ಲಿ ಕಣ್ಣಾರೆ ನೋಡಿ ಚೂರನ್ನೂ ತೆಗೆದು ಮುಗಿಸಬಹುದು. ದೋಷ, ಆಸ್ಕಸ್ ಬಂದ ಎಲ್ಲರಿಗೂ ಮಾಡಿದರೆ ಹೆಚ್ಚಿನವರಿಗೆ ಅದು ಬೇಕಿರಲಿಲ್ಲ ಎಂದೇ ತಿಳಿಯುತ್ತದೆ. ಮಾಡುವವರ ಅನುಭವದ ಮೇಲೆ ಫಲಿತಾಂಶ ಬಹಳ ಅವಲಂಬಿತ. ಖರ್ಚಿನಲ್ಲೂ ಎಚ್ಚರ ಬೇಕು: ಕೌಂಟರಿನಲ್ಲಿ ಹೇಳುವ ದರ ಎಷ್ಟೋ ಬಾರಿ ಕಾಲ್ಪೊಸ್ಕೊಪಿಯದ್ದು ಮಾತ್ರ, ಬಯಾಪ್ಸಿ ಮತ್ತು ಚೂರಿನ ಪರೀಕ್ಷೆಯ ಬಿಲ್ ಬೇರೆ ಬರುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಸ್ತ್ರೀರೋಗ ವಿಭಾಗದಲ್ಲಿ ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ (ಕ್ಯಾನ್ಸರ್) ಸಂಸ್ಥೆಯಲ್ಲಿ ವಿಚಾರಿಸಿದರೆ ಖರ್ಚು ಬಹಳ ಇಳಿಯುತ್ತದೆ. ಸಾಲಿನಲ್ಲಿ ನಿಲ್ಲಬೇಕಾದೀತು.

ಊರಿನ ಆರೋಗ್ಯ ಕೇಂದ್ರದಲ್ಲಿ 30ರಿಂದ 65 ವರ್ಷದವರಿಗೆ ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ‘ವಿಐಎ’ ಪರೀಕ್ಷೆಯನ್ನು ಇದರ ಬದಲು ಮಾಡಿಸಬಹುದೇ ಎಂದು ಕೆಲವರು ಕೇಳಿದ್ದಾರೆ. ಅದು ಮೊದಲ ಹಂತದ ತಪಾಸಣೆಗೆ ಒಳ್ಳೆಯದು. ಆಸ್ಕಸ್ ಎಂಬ ಅನುಮಾನವನ್ನು ಬಗೆಹರಿಸುವಷ್ಟು ಸೂಕ್ಷ್ಮವಲ್ಲ, ಮುಟ್ಟು ನಿಂತವರಲ್ಲಂತೂ ನೋಡಬೇಕಾದ ಜಾಗವೇ ಒಳಗೆ ಸರಿದಿರುತ್ತದೆ.

ನಾಲ್ಕನೆಯ ‘ಆಯ್ಕೆ’

‘ಮಕ್ಕಳಾಗಿವೆಯಲ್ಲ, ಗರ್ಭಕೋಶವನ್ನೇ ತೆಗೆಸಿಬಿಡಿ, ಚಿಂತೆಯೇ ಇರುವುದಿಲ್ಲ’ ಎಂಬ ಸಲಹೆ ನಮ್ಮ ನಾಡಿನಲ್ಲಿ ಎಷ್ಟು ಸಲೀಸಾಗಿ ಸಿಗುತ್ತದೆ! ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಆರೋಪ ರಾಜ್ಯವ್ಯಾಪಿ ಸುದ್ದಿಯಾದದ್ದು ಹಲವರಿಗೆ ನೆನಪಿರಬಹುದು. ಆಸ್ಕಸ್ ಎಂಬ ಒಂದು ವರದಿಗಾಗಿ ಗರ್ಭಕೋಶ ತೆಗೆಯಬೇಕೆಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಬಯಾಪ್ಸಿಯಲ್ಲಿ ಸಿಐಎನ್-3 ಬಂದರೂ ಸಾಮಾನ್ಯವಾಗಿ ಗರ್ಭಕಂಠದ ಆ ಭಾಗವನ್ನಷ್ಟೇ ‘ಲೀಪ್’ ವಿಧಾನದಿಂದ ತೆಗೆಯುವುದು ಅಥವಾ ಬಿಸಿ, ಶೀತದಿಂದ ನಾಶಪಡಿಸುವುದು ಸಾಕಾಗುತ್ತದೆ. ಬಯಾಪ್ಸಿ ಇಲ್ಲದೆ, ಬರೀ ಆಸ್ಕಸ್ ವರದಿ ಹಿಡಿದು ಯಾರಾದರೂ ಶಸ್ತ್ರಚಿಕಿತ್ಸೆಯ ದಿನಾಂಕ ಕೊಟ್ಟರೆ ಅಲ್ಲಿಂದ ಎದ್ದು ಬೇರೆ ವೈದ್ಯರ ಬಳಿ ಹೋಗಿ.

ಹಾಗಾದರೆ ಯಾರಿಗೆ ಯಾವುದು?

25 ವರ್ಷದೊಳಗಿನವರಿಗೆ ನಾನು ಮತ್ತೊಂದು ಪ್ಯಾಪ್ ಕಡೆಗೇ ವಾಲುತ್ತೇನೆ. ಈ ವಯಸ್ಸಿನಲ್ಲಿ ಎಚ್‌ಪಿವಿ ಬಹಳ ಸಾಮಾನ್ಯ, ಕ್ಯಾನ್ಸರ್ ಬಹಳ ಅಪರೂಪ. ಪರೀಕ್ಷಿಸಿದರೆ ‘ಪಾಸಿಟಿವ್’ ಬರುವ ಸಾಧ್ಯತೆ ಹೆಚ್ಚು, ಅದರಿಂದ ಸಿಗುವ ಲಾಭ ಕಡಿಮೆ. ಅವಸರದಲ್ಲಿ ಲೀಪ್ ಚಿಕಿತ್ಸೆಯವರೆಗೆ ಹೋದರೆ ಮುಂದಿನ ಗರ್ಭಧಾರಣೆಯಲ್ಲಿ ಅವಧಿಪೂರ್ವ ಹೆರಿಗೆಯ ಅಪಾಯ ಸ್ವಲ್ಪ ಏರುತ್ತದೆ.

30 ದಾಟಿದವರಿಗೆ, ಹಣ ಹೊಂದಿಸಲು ಸಾಧ್ಯವಿದ್ದರೆ, ಎಚ್‌ಪಿವಿ ಪರೀಕ್ಷೆ. ಇದರಲ್ಲಿ ನನಗೆ ಅನುಮಾನವಿಲ್ಲ. ಹಣದ ಅಡಚಣೆ ಇದ್ದು, ಆಸ್ಪತ್ರೆ ಹತ್ತಿರದಲ್ಲಿದ್ದು, ವರ್ಷದ ನಂತರ ಬರುವುದು ಖಚಿತವಿದ್ದರೆ ಪ್ಯಾಪ್‌ಗೆ ಕಾಯುವುದು ತಪ್ಪಲ್ಲ. 25ರಿಂದ 30ರ ನಡುವಿನವರಿಗೂ ಇದೇ ತರ್ಕ, ಆದರೆ ಪ್ಯಾಪ್ ಆರಿಸಿಕೊಂಡರೂ ನಾನು ಆಕ್ಷೇಪಿಸುವುದಿಲ್ಲ.

ಈಗ ನಲವತ್ತೆರಡರ ಒಬ್ಬ ಕೂಲಿ ಕಾರ್ಮಿಕರನ್ನು ಊಹಿಸಿಕೊಳ್ಳಿ. ಕಾಫಿ ತೋಟದ ಕೆಲಸ ಮುಗಿದ ಮೇಲೆ ಕುಟುಂಬ ಬೇರೆ ಊರಿಗೆ ಹೋಗುತ್ತದೆ. ಆಸ್ಪತ್ರೆಗೆ ಬಂದ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಇವರಿಗೆ ‘ಅಗ್ಗದ’ ಪ್ಯಾಪ್ ಅಗ್ಗವಲ್ಲ, ಏಕೆಂದರೆ ಅದು ಇನ್ನೊಂದು ದಿನವನ್ನೂ ಇನ್ನೊಂದು ವರ್ಷವನ್ನೂ ಬೇಡುತ್ತದೆ. ಇಲ್ಲಿ ನಾನು ಮಾರ್ಗಸೂಚಿಯ ಕ್ರಮವನ್ನು ಸ್ವಲ್ಪ ಮೀರುತ್ತೇನೆ: ಎಚ್‌ಪಿವಿ ಪರೀಕ್ಷೆ ಅಲ್ಲೇ, ಅಂದೇ ಆಗುವಂತಿಲ್ಲದಿದ್ದರೆ, ಜಿಲ್ಲಾ ಆಸ್ಪತ್ರೆಯಲ್ಲಿ ನೇರ ಕಾಲ್ಪೊಸ್ಕೊಪಿಯೇ ಲೇಸು. ಅನಗತ್ಯವಾಗಿ ಒಂದು ಚೂರು ತೆಗೆಸಿಕೊಂಡರೂ ಅದು ವರ್ಷಗಟ್ಟಲೆ ಕಾಣೆಯಾಗುವುದಕ್ಕಿಂತ ಮೇಲು. ವೈದ್ಯರಿಗೆ ‘ನಾನು ಮತ್ತೆ ಬರಲಾರೆ’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ.

ಮುಟ್ಟು ನಿಂತವರಲ್ಲಿ ಹಾರ್ಮೋನ್ ಕೊರತೆಯಿಂದ ತೆಳುವಾದ ಪದರವೂ ಆಸ್ಕಸ್‌ನಂತೆ ಕಾಣುತ್ತದೆ. ಇವರಿಗೆ ಎಚ್‌ಪಿವಿ ಪರೀಕ್ಷೆ ವಿಶೇಷವಾಗಿ ಉಪಯುಕ್ತ, ‘ಇಲ್ಲ’ ಎಂದು ಬಂದರೆ ಗೊಂದಲ ಮುಗಿಯುತ್ತದೆ. ಪ್ಯಾಪ್ ಅಥವಾ ಕಾಲ್ಪೊಸ್ಕೊಪಿಯೇ ಮಾಡುವುದಾದರೆ ಕೆಲವು ವಾರ ಯೋನಿಗೆ ಈಸ್ಟ್ರೊಜನ್ ಮುಲಾಮು ಹಚ್ಚಿ ನಂತರ ಮಾಡುವುದುಂಟು. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು.

ಗರ್ಭಿಣಿಯರು ಎಚ್‌ಪಿವಿ ಮಾಡಿಸಿಕೊಳ್ಳಬಹುದು. ಕಾಲ್ಪೊಸ್ಕೊಪಿ ಬೇಕಾದರೂ ಅದನ್ನು ಹೆರಿಗೆಯಾಗಿ ಕನಿಷ್ಠ ನಾಲ್ಕು ವಾರದ ನಂತರಕ್ಕೆ ಇಟ್ಟುಕೊಳ್ಳಲು ಅವಕಾಶವಿದೆ. ಬಾಣಂತನದಲ್ಲಿ ಇದು ಮರೆತುಹೋಗದಂತೆ ತಾಯಿಯ ಮನೆಯವರಿಗೂ ಹೇಳಿಡಿ. ಎಚ್‌ಐವಿ ಇರುವವರು ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುತ್ತಿರುವವರು ಈ ಬರಹದ ನಿಧಾನದ ಸಲಹೆಗಳನ್ನು ಅನ್ವಯಿಸಿಕೊಳ್ಳಬಾರದು, ಅವರ ಪರೀಕ್ಷೆಗಳ ನಡುವಿನ ಅಂತರಗಳು ಚಿಕ್ಕವು. ಇನ್ನು ಬ್ರಿಟನ್ನಿನಲ್ಲಿರುವ ಓದುಗರಿಗೆ ಈ ಆಯ್ಕೆಯ ತಲೆನೋವು ಕಡಿಮೆ. ಅಲ್ಲಿ ಮೊದಲು ಎಚ್‌ಪಿವಿ ನೋಡಿ, ಇದ್ದರೆ ಮಾತ್ರ ಅದೇ ಮಾದರಿಯಲ್ಲಿ ಜೀವಕೋಶ ನೋಡುತ್ತಾರೆ. ಎರಡೂ ಅಸಹಜವಾದರೆ ಕಾಲ್ಪೊಸ್ಕೊಪಿಗೆ ಅವರೇ ಕರೆಯುತ್ತಾರೆ.

ಪರೀಕ್ಷೆಗೆ ಹೋಗುವಾಗ

ಮುಟ್ಟಿನ ದಿನಗಳನ್ನು ತಪ್ಪಿಸಿ. ಹಿಂದಿನ ಎರಡು ದಿನ ಸಂಭೋಗ, ಯೋನಿಯೊಳಗಿಡುವ ಮಾತ್ರೆ, ಒಳಗೆ ನೀರು ಹಾಯಿಸಿ ತೊಳೆಯುವುದು ಬೇಡ. ಮೊದಲ ವರದಿಯ ಮೂಲ ಪ್ರತಿ ಜೊತೆಗಿರಲಿ, ಮೊಬೈಲಿನಲ್ಲಿ ಅದರ ಚಿತ್ರವೂ ಇರಲಿ. ಹಣ ಕಟ್ಟುವ ಮುನ್ನ ಕೇಳಿ: ಬಯಾಪ್ಸಿ ಸೇರಿ ಒಟ್ಟು ಎಷ್ಟು? ವರದಿ ಎಷ್ಟು ದಿನಕ್ಕೆ? ಅದನ್ನು ಪಡೆಯಲು ನಾನೇ ಬರಬೇಕೇ, ಫೋನಿಗೆ ಕಳುಹಿಸುತ್ತೀರಾ? ಹೊರಡುವ ಮುನ್ನ ಮುಂದಿನ ಪರೀಕ್ಷೆಯ ತಿಂಗಳು ಮತ್ತು ವರ್ಷವನ್ನು ವೈದ್ಯರ ಕೈಯಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಆ ಚೀಟಿಯನ್ನು ಬೀರುವಿನಲ್ಲಿ ಇಡಬೇಡಿ, ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ.